ಪೋಷಕರ ಸಭೆಗೆ ಯಾರೂ ಬರ್ತಿಲ್ಲ, ಊರನ್ನ ಶಾಲೆ ಹತ್ರ ತರೋದು ಹೇಗೆ? (ಚಿಂತಾಮಣಿ ತಾಲೂಕು)

ಹಾವೇರಿ ಟೀಚರ್:

ನಮಸ್ಕಾರ್ರಿ ಎಲ್ಲರಿಗೂ. ನಾನು ಹಾವೇರಿ ಕಡೆಯವಳು, ಈಗ ಚಿಂತಾಮಣಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಟೀಚರ್ ಆಗಿದೀನಿ. ಒಂದರಿಂದ ಏಳನೇ ಕ್ಲಾಸ್ ತನಕ ಇದೆ. ಮಕ್ಕಳು ಭಾಳ ಚಲೋ ಮಕ್ಕಳು, ಅವರ ಬಗ್ಗೆ ನಂದೇನೂ ದೂರಿಲ್ಲ. ನನ್ನ ಕಷ್ಟ ಏನಪ್ಪಾ ಅಂದ್ರೆ ಊರಿಗೂ ಶಾಲೆಗೂ ಸಂಬಂಧನೇ ಇಲ್ಲ ಅನ್ನೋ ಹಂಗೆ ಆಗಿದೆ.

ಶನಿವಾರ 11 ಗಂಟೆಗೆ ಪೋಷಕರ ಸಭೆ ಅಂತ ಡೈರೀಲಿ ಬರೆಸಿ ಕಳಿಸ್ತೀವಿ, ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀವಿ, ಬರೋರು ಅದೇ ನಾಲ್ಕೈದು ಜನ, ಅವರೂ ಸಹಿ ಹಾಕಿ ಹೊರಟುಬಿಡ್ತಾರೆ. ಎಸ್‌ಡಿಎಂಸಿ (ಪೋಷಕರಿರೋ ಶಾಲಾಭಿವೃದ್ಧಿ ಸಮಿತಿ) ಇದೆ, ಆದ್ರೆ ನಡಾವಳಿ ಪುಸ್ತಕ ಮನೆ ಮನೆಗೆ ಹೋಗಿ ಸಹಿ ಆಗಿ ಬರುತ್ತೆ, ಸದಸ್ಯರು ಶಾಲೆಗೆ ಬರೋದು ಆಗಸ್ಟ್ 15ಕ್ಕೆ. ಆವತ್ತೂ ಊರಿನ ಜನ ಕಾಂಪೌಂಡ್ ಆಚೆ ನಿಂತು ನೋಡ್ತಾರೆ, ಒಳಗೆ ಕುರ್ಚಿ ಹಾಕಿದ್ರೂ ಬರಲ್ಲ. ಒಬ್ಬ ಅಜ್ಜಿ ದಿನಾ ಮೊಮ್ಮಗನ ಬ್ಯಾಗ್ ಹೊತ್ಕೊಂಡು ಬರ್ತಾರೆ, ಒಳಗೆ ಬನ್ನಿ ಅಜ್ಜಿ ಅಂದ್ರೆ "ಪರವಾಲೇದಮ್ಮ" (ಪರವಾಗಿಲ್ಲಮ್ಮ) ಅಂತ ಗೇಟಲ್ಲೇ ಚಪ್ಪಲಿ ಬಿಟ್ಟು ನಿಂತ್ಕೋತಾರೆ. ಶಾಲೆ ಗೇಟ್ ಮುಂದೆ ಚಪ್ಪಲಿ ಬಿಡ್ತಾರಲ್ಲ, ಅದು ಗೌರವನೋ ಭಯನೋ ನಂಗೆ ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಂದು, ಊರಲ್ಲಿ ಮುಕ್ಕಾಲು ಮನೇಲಿ ತೆಲುಗು ಮಾತು. ನನ್ನ ಕನ್ನಡ ಅವರಿಗೆ ದೂರ, ಅವರ ತೆಲುಗು ನಂಗೆ ದೂರ. ಬೆಳಿಗ್ಗೆ ಎಂಟೂಕಾಲಿಗೆ ಪ್ರೈವೇಟ್ ಸ್ಕೂಲ್ ವ್ಯಾನ್ ಬಂದು ಅರ್ಧ ಊರಿನ ಮಕ್ಕಳನ್ನ ಕರ್ಕೊಂಡು ಹೋಗುತ್ತೆ, ಆ ಮನೆಯವರಿಗಂತೂ ಈ ಶಾಲೆ ಇದ್ರೆಷ್ಟು ಹೋದ್ರೆಷ್ಟು. ಹಿಂಗೇ ಆದ್ರೆ ಸಂಖ್ಯೆ ಇಳೀತಾ ಹೋಗುತ್ತೆ ಅನ್ನೋ ಚಿಂತೆ ಒಂದ್ಕಡೆ, ಅದಕ್ಕಿಂತ ಜಾಸ್ತಿ, ಮಗು ಮನೇಲಿ ಒಂದು ಲೋಕ ಶಾಲೇಲಿ ಒಂದು ಲೋಕ ಅಂತ ಎರಡು ಕಡೆ ಬದುಕ್ತಿದೆಯಲ್ಲ ಅನ್ನೋದೇ ನನ್ನ ಸಂಕಟ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಯಾರಾದ್ರೂ ಇದನ್ನ ಸರಿ ಮಾಡ್ಕೊಂಡಿದ್ರೆ ಹೇಳ್ರಿ. ದುಡ್ಡು ಎತ್ತೋ ವಿಷಯ ಅಲ್ಲ, ಜನ ಬೇಕು ನಂಗೆ.

ಶಿಡ್ಲಘಟ್ಟ ರೇಷ್ಮೆ:

ಮೇಡಂ ನಾನು ಒಂದು ಅವಧಿ ನಮ್ಮೂರ ಶಾಲೆ ಎಸ್‌ಡಿಎಂಸಿ ಅಧ್ಯಕ್ಷ ಆಗಿದ್ದೆ, ಅದಕ್ಕೆ ಬರೀತಿದೀನಿ. ಮೊದಲು ಆ ಶನಿವಾರ 11 ಗಂಟೆ ಬಿಡಿ. ಆ ಹೊತ್ತಲ್ಲಿ ಊರಲ್ಲಿ ಯಾರಿರ್ತಾರೆ ಹೇಳಿ? ನಮ್ಮ ಕಡೆ ಮನೆ ಮನೆಗೂ ರೇಷ್ಮೆ ಹುಳ ಸಾಕ್ತಾರೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡೋದು) ಎದ್ದ ಮೇಲೆ ಹುಳ ಗೂಡಿಗೆ ಬರೋ ತನಕ ಏಳೆಂಟು ದಿನ ಮನೆಯವರು ಯಾರೂ ಮನೆ ಬಿಟ್ಟು ಕದಲೋಕಾಗಲ್ಲ, ಸೊಪ್ಪು ಕೊಯ್ಯೋದು ಹಾಕೋದು, ಮತ್ತೆ ಕೊಯ್ಯೋದು ಹಾಕೋದು, ಹೆಂಗಸರಿಗೆ ರಾತ್ರಿ ನಿದ್ದೆ ಇರಲ್ಲ. ಆ ವಾರ ಡಿಸಿ ಕರೆದ್ರೂ ಬರಲ್ಲ. ಹಣ್ಣಾದ ಹುಳನ ಗೂಡು ಕಟ್ಟೋ ತಟ್ಟಿಗೆ, ಅಂದ್ರೆ ಚಂದ್ರಂಕಿಗೆ ಬಿಟ್ಟ ಮೇಲೆ ನಾಲ್ಕೈದು ದಿನ ಬಿಡುವು ಸಿಗತ್ತೆ, ಆಮೇಲೆ ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕೋ ಓಡಾಟ. ಊರಲ್ಲಿ ಯಾರ್ ಯಾರು ಯಾವಾಗ ಚಾಕಿ (ಮರಿ ಹುಳ) ತಂದ್ರು ಅಂತ ಒಬ್ಬರನ್ನ ಕೇಳಿದ್ರೆ ಸಾಕು ಬಿಡುವಿನ ದಿನ ಗೊತ್ತಾಗೋಗತ್ತೆ. ಹುಳ ಇಲ್ದಿರೋ ಮನೇಲಿ ಹಸು ಇರತ್ತೆ, ಸಾಯಂಕಾಲ ಡೇರಿಗೆ ಹಾಲು ಹಾಕಿ ಎಲ್ರೂ ಅಲ್ಲೇ ನಿಂತಿರ್ತಾರೆ. ನಾವು ಸಭೆನ ಡೇರಿ ಹಾಲು ಮುಗಿದ ಮೇಲೆ ಪಕ್ಕದ ಅರಳಿಕಟ್ಟೆ ಮೇಲೆ ಇಟ್ವಿ. ಹೆಡ್ ಮೇಷ್ಟ್ರು ಬಸ್ ತಪ್ಪತ್ತೆ ಅಂದ್ರು, ನಮ್ಮಲ್ಲೊಬ್ಬ ಬೈಕಲ್ಲಿ ಬಿಟ್ಟು ಬರ್ತಿದ್ದ.

ಎರಡನೇದು ಇದಕ್ಕಿಂತ ದೊಡ್ಡದು. ಸಭೆಗೆ ಬಂದೋರಿಗೆ ಅಲ್ಲಿ ಏನಾದ್ರೂ ಕೆಲಸ ಇರಬೇಕು, ಕೂತು ಕೇಳಿ ಸಹಿ ಹಾಕೋದಕ್ಕೆ ಯಾರು ಬರ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 21ನೇ ಸೆಕ್ಷನ್ ಪ್ರಕಾರ ಸಮಿತೀಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. 22ನೇ ಸೆಕ್ಷನ್ ಪ್ರಕಾರ ಶಾಲೆ ಅಭಿವೃದ್ಧಿ ಯೋಜನೆ ಮಾಡೋದು ಅವರೇ. ಅನುದಾನ ಹೆಂಗೆ ಖರ್ಚಾಯ್ತು ನೋಡೋ ಹಕ್ಕು ಅವರದು. ಇದನ್ನ ಜನಕ್ಕೆ ಯಾರೂ ಹೇಳಿರಲ್ಲ.

ನಾವು ಮಾಡಿದ್ದು ಇಷ್ಟೇ, ಬಂದ ದುಡ್ಡು ಎಷ್ಟು, ಯಾವುದಕ್ಕೆ ಎಷ್ಟು ಹೋಯ್ತು ಅಂತ ಶಾಲೆ ಜಗುಲಿ ಗೋಡೇಲಿರೋ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದ್ವಿ. ಮೊದಲ ಸಲ ಜನ ಜಗಳಕ್ಕೇ ಬಂದ್ರು ಮೇಡಂ, ಬರಲಿ, ಜಗಳಕ್ಕೆ ಬಂದೋರೂ ಬಂದಂಗೇ. ಕೈ ತೊಳೆಯೋ ನಲ್ಲಿಗಳ ರಿಪೇರಿಗೆ ಇಷ್ಟೊಂದು ಯಾಕಾಯ್ತು ಅಂತ ಒಬ್ಬರು ಎಗರಾಡಿದ್ರು, ಅವರು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡೋರು. ಹಂಗಾದ್ರೆ ಮುಂದಿನ ಸಲ ನೀವೇ ನೋಡ್ಕೊಳಿ ಅಣ್ಣ ಅಂದೆ. ಅವತ್ತಿಂದ ನಲ್ಲಿ, ಪೈಪು, ಟ್ಯಾಂಕಿ ಎಲ್ಲಾ ಅವರದೇ ಜವಾಬ್ದಾರಿ, ಕರೀದೇನೇ ಬರ್ತಾರೆ, ವಾಷರ್ ಜೇಬಲ್ಲೇ ಇಟ್ಕೊಂಡಿರ್ತಾರೆ. ಅವರ ಮಕ್ಕಳು ಆ ಶಾಲೇಲಿ ಓದ್ತಾನೂ ಇಲ್ಲ, ದೊಡ್ಡೋರಾಗಿ ಕೆಲಸಕ್ಕೆ ಹೋದ್ರು.

ಕೈವಾರ ರಸ್ತೆ ಅಮ್ಮ:

ಮೇಡಂ ನಾನು ಟೀಚರ್ ಅಲ್ಲ, ಇಬ್ಬರು ಮಕ್ಕಳ ತಾಯಿ, ಮನೇಲಿ ಟೈಲರಿಂಗ್ ಮಾಡ್ತೀನಿ, ನಮ್ಮನೆಯವರು ಗೂಡ್ಸ್ ಟೆಂಪೋ ಓಡಿಸ್ತಾರೆ, ಟೊಮೇಟೊ ಸೀಸನಲ್ಲಿ ರಾತ್ರಿ ಎರಡು ಗಂಟೆಗೆ ಹೋದ್ರೆ ಮಧ್ಯಾಹ್ನಕ್ಕೆ ಬರೋದು. ನಾವು ಯಾಕೆ ಬರಲ್ಲ ಅಂತ ನಮ್ಮ ಕಡೆಯಿಂದ ಹೇಳ್ತೀನಿ.

ಶಾಲೆಯಿಂದ ಕರೆ ಬಂತು ಅಂದ್ರೆ ಏನೋ ದೂರಿದೆ ಅಂತಲೇ ಅರ್ಥ. ನಿಮ್ಮ ಹುಡುಗ ಓದಲ್ಲ, ಆಧಾರ್ ಜೋಡಣೆ ಆಗಿಲ್ಲ, ಜಾತಿ ಸರ್ಟಿಫಿಕೇಟ್ ತಂದಿಲ್ಲ, ಇಷ್ಟೇ. ನಾಲ್ಕು ಜನರ ಮುಂದೆ ಮಗನ್ನ ಬೈತಾರೆ, ತಾಯಿ ತಲೆ ತಗ್ಗಿಸಿಕೊಂಡು ನಿಂತಿರಬೇಕು. ಕೂಲಿಗೆ ಹೋಗೋರಿಗಂತೂ ಒಂದು ದಿನದ ಕೂಲಿ ಹೋಗತ್ತೆ, ಕೂಲಿನೂ ಬಿಟ್ಟು ಬೈಸ್ಕೊಳಕ್ಕೆ ಯಾರು ಬರ್ತಾರೆ ನೀವೇ ಹೇಳಿ. ಓದು ಬಾರದೋರಿಗೆ ಇನ್ನೊಂದು ಹೆದರಿಕೆ, ಎಲ್ಲಿ ಬರೆಯಕ್ಕೆ ಹೇಳಿಬಿಡ್ತಾರೋ, ಹೆಬ್ಬೆಟ್ಟು ಒತ್ತಬೇಕಾಗತ್ತೋ ಅಂತ. ಆ ಅಜ್ಜಿ ಗೇಟಲ್ಲೇ ನಿಲ್ಲೋದು ಅದಕ್ಕೇ ಇರಬಹುದು.

ನಮ್ಮ ಚಿಕ್ಕ ಮಗಳ ಟೀಚರ್ ಒಂದಿನ ಸಾಯಂಕಾಲ ನಮ್ಮ ಬೀದಿಗೆ ಬಂದ್ರು. ದೂರು ಹೇಳಕ್ಕಲ್ಲ. ಬಂದು ನಮ್ಮನೆ ಜಗುಲಿ ಮೇಲೆ ಕೂತ್ರು, ನೀರು ಕೇಳಿ ಕುಡಿದ್ರು. ಬ್ಯಾಗಿಂದ ನಲಿ-ಕಲಿ (ಚಿಕ್ಕ ಕ್ಲಾಸಿನ ಮಕ್ಕಳು ಆಡ್ತಾ ಕಲಿಯೋ ಪದ್ಧತಿ) ಕಾರ್ಡ್ ತೆಗೆದು ಮಗಳ ಕೈಗೆ ಕೊಟ್ಟು, ಅಮ್ಮಂಗೆ ನೀನೇ ಹೇಳಿಕೊಡು ಇದು ಏನು ಅಂತ ಅಂದ್ರು. ಅವಳು ಎರಡನೇ ಕ್ಲಾಸು, ನಾನು ಈಗ ಎರಡನೇ ತಟ್ಟೇಲಿ (ತಟ್ಟೆ ಅಂದ್ರೆ ಕಲಿಕೆ ಗುಂಪು) ಇದೀನಿ, ಒಂದನೇ ತಟ್ಟೇಲಿ ಟೀಚರ್ ಪಕ್ಕದಲ್ಲೇ ಕೂತು ಹೇಳಿಕೊಡ್ತಾರೆ, ಐದನೇ ತಟ್ಟೆಗೆ ಹೋದ್ರೆ ನಾನೇ ನಾನೇ ಓದ್ಕೋಬೇಕು ಅಂತ ಬೆರಳಿಟ್ಟು ಎಲ್ಲಾ ತೋರಿಸಿದ್ಲು. ಪಕ್ಕದ ಮನೆಯೋರು, ಎದುರು ಮನೆಯೋರು ಎಲ್ಲಾ ಬಂದು ನಿಂತ್ರು. ನಮ್ಮತ್ತೆ ತೆಲುಗಲ್ಲಿ ಒಂದು ನರಿ ಕಥೆ ಹೇಳಿದ್ರು, ಟೀಚರ್ ನಾಳೆ ಇದನ್ನ ಕ್ಲಾಸಲ್ಲಿ ಹೇಳ್ತೀರಾ ಅಂತ ಕೇಳಿದ್ರು, ಅತ್ತೆ ಹೋಗಿ ಹೇಳಿದ್ರು. ಮಕ್ಕಳು ತೆಲುಗಲ್ಲಿ ಕೇಳಿ ಕನ್ನಡದಲ್ಲಿ ಬರೆದ್ರಂತೆ. ಆ ಹಾಳೆ ನಮ್ಮನೆ ದೇವರ ಗೂಡಿನ ಪಕ್ಕ ಅಂಟಿಸಿದೀವಿ. ಅಲ್ಲಿಂದ ಈಚೆಗೆ ನಮ್ಮ ಬೀದಿ ಹೆಂಗಸರು ಯಾವ ಸಭೆನೂ ತಪ್ಪಿಸಲ್ಲ.

ನೀವೂ ತೆಲುಗು ಸ್ವಲ್ಪ ಕಲೀರಿ ಮೇಡಂ, ಬಾಗುನ್ನಾರಾ (ಚೆನ್ನಾಗಿದೀರಾ) ಅಂತ ಒಂದು ಮಾತು ಕೇಳಿದ್ರೆ ಸಾಕು ನಮ್ಮೋರು ಕರಗಿಹೋಗ್ತಾರೆ.

ಮುಳಬಾಗಿಲು ಮೇಷ್ಟ್ರು:

ತಾಯಿ, ನಿಮ್ಮ ಪ್ರಶ್ನೆ ಓದಿ ಸಂತೋಷ ಆಯ್ತು. ನಾನು ನಿವೃತ್ತ ಮುಖ್ಯ ಶಿಕ್ಷಕ, ಗಡಿ ಹಳ್ಳಿಗಳಲ್ಲೇ ಸರ್ವೀಸ್ ಮುಗಿಸಿದೋನು.

ಮೇಲೆ ಆ ತಾಯಿ ನಲಿ-ಕಲಿ ಕಾರ್ಡಿನ ವಿಷಯ ಹೇಳಿದ್ರಲ್ಲ, ಅದರ ಬೇರು ನಿಮ್ಮ ಪಕ್ಕದಲ್ಲೇ ಇದೆ ಅಂತ ನಿಮಗೆ ಗೊತ್ತಿರಲಿ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ, ಆದ್ರೆ ಅಲ್ಲಿನ ಶಿಕ್ಷಕರು ನೋಡಿ ಕಲಿತು ಬಂದಿದ್ದು ಮದನಪಲ್ಲಿ ಹತ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಂದ, ಅಂದ್ರೆ ಚಿಂತಾಮಣಿ ದಾಟಿ ಗಡಿ ಆಚೆ ಹೋದ್ರೆ ಸಿಗೋ ಜಾಗ. ಆ ಶಾಲೆಗಳಲ್ಲಿ ಊರಿನವರು ಸೇರೋ ಮೇಳಗಳೂ ಕಲಿಕೆಯ ಭಾಗನೇ. ನಮ್ಮ ಸರ್ಕಾರಿ ಶಾಲೆಗಳಲ್ಲೂ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಅಂತ ಮಾಡ್ತೀವಲ್ಲ, ಅದನ್ನ ಮಾತ್ರ ಕೈ ಬಿಡಬೇಡಿ. ಭಾಷಣದ ಕಾರ್ಯಕ್ರಮಕ್ಕೆ ಬರದೇ ಇರೋ ಜನ ಸಂತೆಗೆ ಬಂದೇ ಬರ್ತಾರೆ, ಯಾಕಂದ್ರೆ ಸಂತೆ ಅವರಿಗೆ ಗೊತ್ತಿರೋ ಜಾಗ, ಅಲ್ಲಿ ಅವರೇ ಮೇಷ್ಟ್ರು.

ನಮ್ಮ ಶಾಲೆ ಸಂತೇಲಿ ಐದನೇ ಕ್ಲಾಸಿನ ಒಬ್ಬ ಹುಡುಗಿ ಮನೆ ಹಿತ್ತಲಿನ ಕೊತ್ತಂಬರಿ, ಮೆಂತ್ಯ ಸೊಪ್ಪು ತಂದು ಕೂತಿದ್ಲು. ಅವಳಪ್ಪ ದಿನಾ ಎಪಿಎಂಸೀಲಿ ಹಮಾಲಿ ಮಾಡೋರು, ಬೇರೆ ಗಿರಾಕಿ ಥರ ಬಂದು ಚೌಕಾಸಿಗೆ ಕೂತ್ರು, ಮೂರು ಕಟ್ಟು ಇಪ್ಪತ್ತಕ್ಕೆ ಕೊಡು ಅಂತ. ಅವಳು ಸ್ಲೇಟ್ ಮೇಲೆ ಬೀಜದ ಖರ್ಚು ಕಳೆದು, ಕಟ್ಟಿಗೆ ಎಷ್ಟು ಬೀಳತ್ತೆ ಅಂತ ಲೆಕ್ಕ ಹಾಕಿ ತೋರಿಸಿ, ಇಪ್ಪತ್ತನಾಲ್ಕಕ್ಕೆ ಕಮ್ಮಿ ಆಗಲ್ಲ ಅಂದ್ಲು. ಆ ಮನುಷ್ಯ ಒಂದು ಮಾತಾಡದೆ ಇಪ್ಪತ್ತೈದು ಕೊಟ್ರು, ಒಂದು ರೂಪಾಯಿ ಚಿಲ್ಲರೆ ಎಣಿಸಿ ವಾಪಸ್ ಇಸ್ಕೊಂಡ್ರು. ಮುಂದಿನ ವಾರ ಶಾಲೆಗೆ ಬಂದು, ಸಾರ್ ಇವಳು ಹೈಸ್ಕೂಲಿಗೆ ಯಾವ ಊರಿಗೆ ಹೋದ್ರೆ ಒಳ್ಳೇದು ಅಂತ ಕೇಳಿದ್ರು. ಐದನೇ ಕ್ಲಾಸಲ್ಲೇ ಹೈಸ್ಕೂಲಿನ ಯೋಚನೆ ಶುರುವಾಯ್ತು ಆ ಮನೇಲಿ. ಏಳಕ್ಕೆ ನಿಲ್ಲಿಸೋ ಮನೆಗಳು ಎಷ್ಟಿದ್ವು ಅನ್ನೋದು ನಮ್ಮ ಕಾಲದ ಮೇಷ್ಟ್ರುಗಳಿಗೆ ಗೊತ್ತು.

ಎಸ್‌ಡಿಎಂಸಿ ಬಗ್ಗೆ ರೇಷ್ಮೆಯವರು ಸರಿಯಾಗಿ ಹೇಳಿದ್ದಾರೆ. ರಾಜಾ ರಾಮಣ್ಣ ಅವರ ಕಾರ್ಯಪಡೆ ವರದಿ ಆದ್ಮೇಲೆ 2001ರಲ್ಲಿ ಸರ್ಕಾರ ಆದೇಶ ಮಾಡಿತು, ಅಂದ್ರೆ 2010ರ ಏಪ್ರಿಲ್‌ನಲ್ಲಿ ಆರ್‌ಟಿಇ ಜಾರಿ ಆಗೋಕೆ ಎಷ್ಟೋ ಮುಂಚೇನೇ ಕರ್ನಾಟಕದಲ್ಲಿ ಪೋಷಕರ ಸಮಿತಿ ಬಂದಿತ್ತು. ಹಿರಿದಾದ ಪರಂಪರೆ ಅದು, ಸಹಿ ಪುಸ್ತಕಕ್ಕೆ ಇಳಿಸಬಾರದು. ಅದೇ ಕಾಯ್ದೆ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯ ಅಂತ ಹೇಳುವಾಗ ತಂದೆ ತಾಯಿಯರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು ಅಂತಲೇ ಇದೆ. ಪ್ರಗತಿ ತಿಳಿಸಬೇಕು, ದೂರು ಹೇಳಬೇಕು ಅಂತಿಲ್ಲ.

ಇನ್ನೊಂದು ಮುಖ್ಯ. ಸಮುದಾಯ ಅಂದ್ರೆ ಬರೀ ಪೋಷಕರಲ್ಲ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಡೇರಿ ಸೆಕ್ರೆಟರಿ, ಬಿಸಿಯೂಟದ ಅಡುಗೆಯವರು, ಶಾಲೆ ಮುಂದಿನ ಪೆಟ್ಟಿಗೆ ಅಂಗಡಿಯವರು, ಇವರೆಲ್ಲ ಮಗುನ ದಿನಾ ನೋಡೋ ಜನ. ಅಂಗಡಿಯವರ ವಿಷಯ ಯಾಕೆ ಹೇಳ್ದೆ ಅಂದ್ರೆ, ಶಾಲೆ ಹತ್ತಿರದಲ್ಲಿ ಬೀಡಿ ಸಿಗರೇಟು ಗುಟ್ಕಾ ಮಾರಬಾರದು ಅಂತ 2003ರ ಕಾನೂನಿದೆ. ನೇರ ಕಂಪ್ಲೇಂಟ್ ಕೊಟ್ರೆ ಊರು ಎರಡಾಗತ್ತೆ. ಮೊದಲು ಹೋಗಿ ಮಾತಾಡಿ, ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಕೊಳಿ, ಮಕ್ಕಳನ್ನ ನಿಮ್ಮ ಹತ್ರನೇ ಕಳಿಸ್ತೀವಿ ಅನ್ನಿ. ನಮ್ಮಲ್ಲಿ ಒಪ್ಪಿದ್ರು. ಶಾಲೆ ಬಿಟ್ಟ ಮೇಲೆ ಯಾವ ಮಗು ಮನೆಗೆ ಹೋಗದೆ ಕೆರೆ ಕಡೆ ಹೋಯ್ತು ಅಂತ ನಮಗೆ ಮೊದಲು ಹೇಳ್ತಿದ್ದೋರೇ ಅವರು.

ಪಾವಗಡ ಸಹ ಶಿಕ್ಷಕ:

ಎಲ್ಲಾ ಸರಿ ಸಾರ್, ಆದ್ರೆ ಟೀಚರ್ ಪರಿಸ್ಥಿತಿನೂ ಹೇಳ್ಬೇಕು. ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಹಾಲಿನ ಪುಡಿ ಲೆಕ್ಕ, ಚುನಾವಣೆ ಕೆಲಸ, ಟ್ರೈನಿಂಗು, ಇದರ ಮಧ್ಯ ಇಬ್ಬರು ಟೀಚರ್ ಐದು ಕ್ಲಾಸು ನೋಡ್ಬೇಕು. ಇದರ ಮೇಲೆ ಸಂಜೆ ಏಳು ಗಂಟೆಗೆ ಅರಳಿಕಟ್ಟೆಗೆ ಬನ್ನಿ, ಮನೆ ಮನೆಗೆ ಹೋಗಿ ಅಂದ್ರೆ, ಅದೂ ಲೇಡಿ ಟೀಚರ್ ದೂರದಿಂದ ಬಸ್ಸಲ್ಲಿ ಬರೋರು, ಹೇಗೆ ಸಾಧ್ಯ? ಊರನ್ನ ಕಟ್ಟೋ ಕೆಲಸನೂ ಟೀಚರ್ ತಲೆ ಮೇಲೇ ಹಾಕಿದ್ರೆ ಅದು ಜಾಸ್ತಿ ದಿನ ನಡೆಯಲ್ಲ, ಅವರು ಟ್ರಾನ್ಸ್‌ಫರ್ ಆದ ದಿನ ಎಲ್ಲಾ ನಿಂತೋಗತ್ತೆ. ಇದನ್ನ ಕಣ್ಣಾರೆ ನೋಡಿದೀನಿ.

ಆದ್ರೂ ಒಂದು ಮಾತು ಒಪ್ಕೋತೀನಿ. 2020ರಲ್ಲಿ ಕೊರೋನಾ ಟೈಮಲ್ಲಿ ವಿದ್ಯಾಗಮ ಮಾಡಿದ್ವಲ್ಲ, ದೇವಸ್ಥಾನದ ಪ್ರಾಂಗಣ, ಮರದ ನೆರಳು, ಯಾರದೋ ಮನೆ ಪಡಸಾಲೆ ಅಂತ ಊರೊಳಗೇ ಪಾಠ. ಅಕ್ಟೋಬರ್‌ಗೆ ನಿಲ್ಲಿಸಿಬಿಟ್ರು, ಕೆಲವೇ ತಿಂಗಳು. ಆ ಕೆಲವು ತಿಂಗಳಲ್ಲಿ ಊರಿನವರು ನಮ್ಮ ಪಾಠ ನೋಡಿದಷ್ಟು ಮೊದಲೂ ನೋಡಿರಲಿಲ್ಲ ಆಮೇಲೂ ನೋಡಿಲ್ಲ. ಒಬ್ಬರು ದನ ಬೇರೆ ಕಡೆ ಕಟ್ಟಿ ಕೊಟ್ಟಿಗೆ ಮುಂದಿನ ಜಾಗ ಸಗಣಿ ಸಾರಿಸಿ ಕೊಟ್ರು. ಬೋರ್ಡ್ ಹಿಡ್ಕೊಳಕ್ಕೆ ಒಬ್ಬ ಡಿಗ್ರಿ ಹುಡುಗ ದಿನಾ ಬರ್ತಿದ್ದ. ಶಾಲೆಗೆ ಬೀಗ ಬಿದ್ದಾಗ ಊರು ಹತ್ರ ಬಂತು, ಬೀಗ ತೆಗೆದ ಮೇಲೆ ಮತ್ತೆ ದೂರ ಹೋಯ್ತು. ಇದಕ್ಕೆ ಕಾರಣ ಏನು ಅಂತ ನಾನು ತುಂಬಾ ಯೋಚನೆ ಮಾಡ್ತೀನಿ.

ಶಿಡ್ಲಘಟ್ಟ ರೇಷ್ಮೆ:

ಪಾವಗಡ ಸಾರ್ ಹೇಳಿದ್ದು ನ್ಯಾಯವಾಗಿದೆ. ಅದಕ್ಕೇ ನಾನು ಹೇಳೋದು ಸಭೆ ಕರೆಯೋದು ಟೀಚರ್ ಅಲ್ಲ, ಅಧ್ಯಕ್ಷರು ಕರೀಬೇಕು, ಊರಿನೋರು ಊರಿನೋರನ್ನ ಕರೀಬೇಕು. ಟೀಚರ್ ಬಂದು ಮಕ್ಕಳ ಕಲಿಕೆ ಬಗ್ಗೆ ಹತ್ತು ನಿಮಿಷ ಹೇಳಿದ್ರೆ ಸಾಕು. ಸಂಜೆ ಆಗಲ್ಲ ಅಂದ್ರೆ ಬೆಳಿಗ್ಗೆ ಪ್ರಾರ್ಥನೆ ಆದ ತಕ್ಷಣ ಇಟ್ಕೊಬಹುದು, ಬೆಳಗಿನ ಹಾಲು ಮುಗಿದಿರತ್ತೆ, ಕೂಲಿಗೆ ಹೋಗೋರಿಗೆ ಮಾತ್ರ ಅದು ಆಗಿಬರಲ್ಲ, ಅವರಿಗೆ ಬೇರೆ ದಾರಿ ನೋಡ್ಬೇಕು. ಟೀಚರ್ ಟ್ರಾನ್ಸ್‌ಫರ್ ಆದ್ರೂ ಅರಳಿಕಟ್ಟೆ ಟ್ರಾನ್ಸ್‌ಫರ್ ಆಗಲ್ವಲ್ಲ ಸಾರ್.

ಗೌರಿಬಿದನೂರು ಹಳೇ ವಿದ್ಯಾರ್ಥಿ:

ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ಓದಿದ್ದು ಊರಿನ ಸರ್ಕಾರಿ ಶಾಲೆ. ಹಳೇ ವಿದ್ಯಾರ್ಥಿಗಳನ್ನ ಮರೀಬೇಡಿ ಮೇಡಂ, ನಿಮ್ಮೂರಿಂದನೂ ಬೆಂಗಳೂರಿಗೆ ಹೋದೋರು ಇದ್ದೇ ಇರ್ತಾರೆ. ನಾವು ಶುರು ಮಾಡಿದ್ದು ಗೋಡೆಗೆ ಬಣ್ಣ ಹೊಡೆಸೋದ್ರಿಂದ, ಫೋಟೋ ಚೆನ್ನಾಗಿ ಬಂತು, ಅಷ್ಟೇ. ಆಮೇಲೆ ಹೆಡ್ ಮಿಸ್ ಒಂದು ಮಾತು ಹೇಳಿದ್ರು, ದುಡ್ಡು ಕೊಡೋ ಬದಲು ಹಬ್ಬಕ್ಕೆ ಊರಿಗೆ ಬಂದಾಗ ಒಂದು ಗಂಟೆ ಏಳನೇ ಕ್ಲಾಸಲ್ಲಿ ಕೂತು ಮಾತಾಡಿ ಅಂತ. ಈಗ ಯುಗಾದಿ, ಗಣೇಶ ಹಬ್ಬದ ಹಿಂದೆ ಮುಂದೆ ಯಾರಾದ್ರೊಬ್ಬರು ಹೋಗ್ತೀವಿ. ನರ್ಸ್ ಆಗಿರೋ ಒಬ್ಬ ಅಕ್ಕ ಹೋದಾಗ ಹುಡುಗೀರು ಬಿಡಲೇ ಇಲ್ಲ, ಪಿಯುಸಿ ಎಲ್ಲಿ ಓದಿದ್ರಿ, ಹಾಸ್ಟೆಲ್ ಹೆಂಗೆ ಸಿಕ್ತು, ಮನೇಲಿ ಹೆಂಗೆ ಒಪ್ಪಿಸಿದ್ರಿ ಅಂತ ಒಂದೊಂದೇ ಕೇಳಿದ್ರು.

ಇನ್ನೊಂದು, ಗ್ರಾಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರೆ, ಮಕ್ಕಳಿಗೆ ಸದಸ್ಯತ್ವ ಉಚಿತ. ವಾರಕ್ಕೊಂದು ಪೀರಿಯಡ್ ಅಲ್ಲಿಗೆ ಕರ್ಕೊಂಡು ಹೋಗಿ. ಮಕ್ಕಳ ಗ್ರಾಮ ಸಭೆನೂ ಪಂಚಾಯ್ತಿ ಮಾಡ್ಲೇಬೇಕು, ಅಲ್ಲಿ ಮಕ್ಕಳೇ ಎದ್ದು ನಿಂತು ನಮ್ಮ ಶಾಲೆ ಶೌಚಾಲಯಕ್ಕೆ ನೀರಿಲ್ಲ ಅಂದ್ರೆ ಅದರ ತೂಕನೇ ಬೇರೆ. ಪ್ರೈವೇಟ್ ವ್ಯಾನಲ್ಲಿ ಹೋಗೋ ಮಕ್ಕಳನ್ನೂ ಲೈಬ್ರರಿಗೆ, ಸಂತೆಗೆ, ಭಾನುವಾರದ ಆಟಕ್ಕೆ ಕರೀರಿ. ಅವರು ಒಂದೇ ಬೀದಿ ಮಕ್ಕಳು, ವ್ಯಾನ್ ಬಂದು ಅವರನ್ನ ಬೇರೆ ಮಾಡಿದೆ.

ಹಾವೇರಿ ಟೀಚರ್:

ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಪಾವಗಡ ಸರ್, ನಿಮ್ಮ ಮಾತು ನನ್ನ ಮನಸ್ಸಲ್ಲಿದ್ದದ್ದೇ, ನಂದೂ ಐದೂವರೆ ಬಸ್ಸು. ನಾಳೆ ಎಸ್‌ಡಿಎಂಸಿ ಅಧ್ಯಕ್ಷರ ಮನೆಗೇ ಹೋಗಿ ಮಾತಾಡ್ತೀನಿ, ಖರ್ಚಿನ ಬೋರ್ಡ್ ಬಗ್ಗೆ ಹೆಡ್ ಮಾಸ್ತರ್‌ಗೂ ಹೇಳಿದೆ, ಯೋಚನೆ ಮಾಡೋಣ ಅಂದ್ರು. ಮಕ್ಕಳ ಸಂತೆ ಮಾಡೋದಂತೂ ಗ್ಯಾರಂಟಿ. ಕೈವಾರದ ಅಕ್ಕಾ, ನಿಮ್ಮನ್ನ ಒಂದು ಕೇಳ್ತೀನಿ, ವಾರಕ್ಕೆ ಒಂದು ದಿನ ಶಾಲೆ ಬಿಟ್ಟ ಮೇಲೆ ಬಸ್ ಬರೋ ತನಕ ನಂಗೆ ಮುಕ್ಕಾಲು ಗಂಟೆ ಸಿಗುತ್ತೆ. ಒಂದೊಂದು ವಾರ ಒಂದೊಂದು ಬೀದಿ ಅಂತ ಹೋಗೋಣ ಅನ್ಕೊಂಡಿದೀನಿ. ಎಲ್ಲಿಂದ ಶುರು ಮಾಡ್ಲಿ, ಹೋಗುವಾಗ ಏನು ತಗೊಂಡು ಹೋಗ್ಲಿ?

ಕೈವಾರ ರಸ್ತೆ ಅಮ್ಮ:

ಮೇಡಂ ದೊಡ್ಡ ಮನೆಗಳಿರೋ ಬೀದಿಯಿಂದ ಶುರು ಮಾಡಬೇಡಿ, ಊರಾಚೆ ಕಾಲೋನಿಯಿಂದ ಶುರು ಮಾಡಿ. ಮೊದಲು ಅಲ್ಲಿಗೆ ಹೋದ್ರು ಅಂತ ಊರಿಗೆಲ್ಲಾ ಗೊತ್ತಾಗತ್ತೆ, ಅಲ್ಲಿಯೋರಿಗೂ ನಮ್ಮನ್ನ ಕೊನೇಲಿ ಕರೀತಾರೆ ಅನ್ನೋ ನೋವಿರಲ್ಲ. ಯಾರ ಮನೇಲಾದ್ರೂ ನೀರು ಕೊಟ್ರೆ ಕುಡೀರಿ, ಬೇಡ ಅನ್ನಬೇಡಿ, ಅದನ್ನ ಎಲ್ರೂ ಗಮನಿಸ್ತಾರೆ. ಹಾಜರಿ ಪುಸ್ತಕ ತಗೊಂಡು ಹೋಗಬೇಡಿ, ಮಗುವಿನ ನೋಟ್‌ಬುಕ್ ತಗೊಂಡು ಹೋಗಿ, ಚೆನ್ನಾಗಿ ಬರೆದಿರೋ ಪುಟ ಮೊದಲೇ ಮಡಚಿಟ್ಕೊಂಡಿರಿ. ಅಪ್ಪ ಅಮ್ಮ ಕೂಲಿಯಿಂದ ಬರೋದು ತಡ ಆದ್ರೆ ಅಜ್ಜಿ ತಾತಂಗೇ ತೋರಿಸಿ, ಅವರು ರಾತ್ರಿ ಎಲ್ಲಾ ಹೇಳ್ತಾರೆ. ಸೋಮವಾರ ಬೇಡ, ನಿಮ್ಮ ಕಡೆ ಸಂತೆ ದಿನ ಯಾವುದು ಅಂತ ಕೇಳ್ಕೊಂಡು ಅದನ್ನೂ ಬಿಡಿ. ಬುಧವಾರ, ಗುರುವಾರ ಒಳ್ಳೇದು.